ಎದ್ರು ನಿಂತ್ಕಬೇಡ

ಬ್ಯಾಟರಾಯನಪುರ
ಡಿಸೆಂಬರ್ ೧೯, ಶುಕ್ರವಾರ ಮಧ್ಯಾಹ್ನ

ನನ್ನ ಮುದ್ದು ಕರುಣಾ,

ಕರ್ತನ ಕೃಪೆ ನಿನ್ನ ಮೇಲಿರಲಿ, ಜೊತೆಗೆ ಸ್ವೆಟರೂ ಮೈಮೇಲಿರಲಿ. ಹುಬ್ಬಳ್ಳಿಯ ಚಳಿ ಬೆಂಗಳೂರಿನ ಹಾಗಲ್ಲ ಎಂದು ನಿಮ್ಮಪ್ಪ ದಿನಕ್ಕೊಮ್ಮೆ ಹೇಳುತ್ತಾರೆ, ತಾವೇನೋ ಅಲ್ಲೇ ಹುಟ್ಟಿ ಬೆಳೆದವರ ಹಾಗೆ.

ಮೊನ್ನೆ ನೀನು ಫೋನಿನಲ್ಲಿ ಅತ್ತೆ. ವಾರ್ಡಿನಲ್ಲಿ ಸೂಜಿ ಹಿಡಿದರೆ ಕೈ ನಡುಗುತ್ತದೆ, ಯಾರೋ ಮುದುಕಪ್ಪನ ನರ ಸಿಗಲಿಲ್ಲ, ಸಿಸ್ಟರ್ ಎಲ್ಲರ ಮುಂದೆ ಬೈದರು, ನರ್ಸಿಂಗೂ ಬೇಡ ಏನೂ ಬೇಡ, ಮನೆಗೆ ಬಂದುಬಿಡುತ್ತೇನೆ ಎಂದೆ. ನಾನು ಏನು ಹೇಳಿದೆ? ಪ್ರಾರ್ಥನೆ ಮಾಡಮ್ಮ, ಎಲ್ಲ ಸರಿಹೋಗುತ್ತೆ ಎಂದೆ. ಆಮೇಲೆ ಹಾಲು ಉಕ್ಕುತ್ತಿದೆ ಅಂತ ಫೋನ್ ಇಟ್ಟೆ. ಒಲೆಯ ಮೇಲೆ ಹಾಲೇ ಇರಲಿಲ್ಲ ಕಣೇ. ನಿನಗೆ ಏನು ಹೇಳಬೇಕೆಂದು ನನಗೆ ತಿಳಿಯಲಿಲ್ಲ. ಯಾಕೆಂದರೆ ಆ ಹೊತ್ತಿನಲ್ಲಿ ನಿನಗಿಂತ ಹೆಚ್ಚು ಹೆದರಿಕೊಂಡಿದ್ದವಳು ನಾನು.

ಅದನ್ನೇ ಬರೆಯಲು ಕೂತಿದ್ದೇನೆ. ಫೋನಿನಲ್ಲಿ ಆಗುವುದಿಲ್ಲ. ನೀನು ನಡುವೆ ಬಾಯಿ ಹಾಕುತ್ತೀಯ, ನಿಮ್ಮಪ್ಪ ಪಕ್ಕದಲ್ಲಿ ಪೇಪರ್ ಓದುವವರ ಹಾಗೆ ಕೂತು ಕಿವಿಯೆಲ್ಲ ಇಲ್ಲೇ ಇಟ್ಟಿರುತ್ತಾರೆ. ಕಾಗದವಾದರೆ ನಡುವೆ ಬಾಯಿ ಹಾಕುವವರಿಲ್ಲ. ಆದರೂ ಇಷ್ಟು ಬರೆಯುವುದರೊಳಗೆ ಎದ್ದು ಹೋಗಿ ಬಾಲ್ಕನಿಯಿಂದ ಗೇಟು ನೋಡಿಕೊಂಡು ಬಂದೆ. ಯಾರೂ ಇರಲಿಲ್ಲ. ನೀರು ಕುಡಿದೆ. ಬಾಯಾರಿಕೆಯೂ ಇರಲಿಲ್ಲ.

ಜಾಫರ್‌ಗೆ ಆಕ್ಸಿಡೆಂಟ್ ಆಯಿತು, ಕಾಲು ಮುರಿದಿದೆ, ಪ್ರಾರ್ಥನೆಯಲ್ಲಿ ನೆನೆಸಿಕೋ ಎಂದು ನಿನಗೆ ಹೇಳಿದ್ದೆನಲ್ಲ. ನಮ್ಮ ಎದುರು ಮನೆಯ ಜಾಫರ್, ಪರೀಕ್ಷೆಯ ದಿನಗಳಲ್ಲಿ ನಿನ್ನನ್ನು ಆಟೋದಲ್ಲಿ ಕಾಲೇಜಿಗೆ ಬಿಟ್ಟು, 'ಟೆನ್ಷನ್ ತಗೋಬೇಡಮ್ಮ' ಅಂತ ನಿನಗಿಂತ ತಾನೇ ಟೆನ್ಷನ್ ತಗೊಳ್ಳುತ್ತಿದ್ದವನು. ಅವನ ಆಟೋಗೆ ಡಿಕ್ಕಿ ಹೊಡೆದದ್ದು ಯಾರು ಎಂದು ನಾನು ನಿನಗೆ ಹೇಳಲಿಲ್ಲ. ನೀನೂ ಕೇಳಲಿಲ್ಲ, ನನಗೂ ಅದೇ ಬೇಕಾಗಿತ್ತು. ಅದು ಜಗನ್‌ನ ನೀರಿನ ಟ್ಯಾಂಕರ್. ಹೌದು, ನಮ್ಮ ಓನರ್ ಬೈರಮ್ಮನ ಮಗ ಜಗನ್. ಅವತ್ತು ಟ್ಯಾಂಕರ್ ಓಡಿಸುತ್ತಿದ್ದವನು ಅವನ ಡ್ರೈವರ್.

ನಾನು ನೋಡಿದೆ ಕರುಣಾ. ಪೂರ್ತಿ ನೋಡಿದೆ. ಕ್ರಿಸ್‌ಮಸ್ಸಿಗೆ ಅಚ್ಚಿನಲ್ಲಿ ಕರಿಯುವ ಗುಲಾಬಿ ಹೂವಿಗೆಂದು ಅಕ್ಕಿ ಹಿಟ್ಟು ಮಾಡಿಸಿ, ತಾರಸಿಯ ಮೇಲೆ ಹಳೆಯ ಸೀರೆ ಹಾಸಿ ಹರವುತ್ತಿದ್ದೆ. ಕೆಳಗೆ ಬೀದಿಯಲ್ಲಿ ಜಾಫರ್ ಬಂದ. ಮುಂದೆ ಟ್ಯಾಂಕರ್ ಇದ್ದದ್ದು ನೋಡಿ ಆಟೋ ನಿಲ್ಲಿಸಿದ. ಆಟೋದವರ ಅಭ್ಯಾಸ ನಿನಗೆ ಗೊತ್ತಲ್ಲ, ಒಂದು ಕಾಲು ಹೊರಗಿಟ್ಟು ಕೂತಿದ್ದ. ಟ್ಯಾಂಕರ್ ಹಿಂದಕ್ಕೆ ಬರತೊಡಗಿತು. ಹಿಂದೆ ನಿಂತು ಬಾ, ಬಾ, ಸಾಕು ಎನ್ನುವವರು ಯಾರೂ ಇರಲಿಲ್ಲ. ಜಾಫರ್ ಹಾರ್ನ್ ಒತ್ತಿದ, ಒತ್ತಿದ, ಒತ್ತುತ್ತಲೇ ಇದ್ದ. ಡ್ರೈವರ್‌ನ ಕಿವಿಯಲ್ಲಿ ಫೋನ್ ಇತ್ತು. ನಾನು ಮೇಲಿಂದ ಕಿರುಚಿದೆ. ಯಾರಿಗೆ ಕೇಳಬೇಕು?

ಆಮೇಲೆ ಡ್ರೈವರ್ ಹೇಳಿದ್ದೇ ಬೇರೆ. ಆಟೋ ಜೋರಾಗಿ ಬಂದು ನಿಂತಿದ್ದ ಟ್ಯಾಂಕರ್‌ಗೆ ಗುದ್ದಿತು ಎಂದ. ಠಾಣೆಯಲ್ಲಿ ಹಾಗೇ ಬರೆದುಕೊಂಡರು. ಅವರನ್ನು ಏನೆನ್ನಲಿ, ಬೇರೆ ಯಾರೂ ಬೇರೆ ಏನೂ ಹೇಳಲಿಲ್ಲ. ಮೂಲೆಮನೆಯವರ ಕ್ಯಾಮೆರಾ ಕೇಳುತ್ತೀಯಾ? ಅದು ದೃಷ್ಟಿಬೊಂಬೆಯ ಹಾಗೆ, ನೋಡುವವರಿಗೆ ಮಾತ್ರ. ಈಗ ತಪ್ಪು ಜಾಫರ್‌ನ ತಲೆಯ ಮೇಲೆ ಬಂದಿದೆ. ಹಾಗೇ ಉಳಿದರೆ ಕೇಸು ಅವನ ಮೇಲೆ, ಲೈಸೆನ್ಸ್ ಹೋದರೂ ಹೋಯಿತು. ಕಾಲು ಕೂಡಿಕೊಂಡ ಮೇಲೂ ಆಟೋ ಹತ್ತುವ ಹಾಗಿಲ್ಲ. ಆಟೋ ಬಿಟ್ಟು ಆ ಹುಡುಗನಿಗೆ ಏನು ಗೊತ್ತು?

ಮಾರನೆಯ ದಿನ ಅವನ ಹೆಂಡತಿ ರುಮಾನಾ ಮೆಟ್ಟಿಲು ಹತ್ತಿ ಬಂದಳು. ಕಣ್ಣೆಲ್ಲ ಊದಿಕೊಂಡಿತ್ತು. "ಆಂಟಿ, ನಿನ್ನೆ ನೀವು ಮೇಲೆ ಇದ್ರಿ ಅಲ್ವಾ? ನೋಡಿದ್ರಿ ಅಲ್ವಾ? ಸಾಕ್ಷಿ ಹೇಳ್ತೀರಾ ಆಂಟಿ?" ಎಂದಳು.

ಸಾಕ್ಷಿ ಎಂಬ ಮಾತು ಕೇಳಿ ನನಗೆ ಒಳಗೇ ಚುರುಕ್ ಎಂದಿತು. ನಮ್ಮ ಸ್ತ್ರೀ ಕೂಟದಲ್ಲಿ ಸಾಕ್ಷಿ ಹೇಳುವುದರಲ್ಲಿ ನಿಮ್ಮಮ್ಮನನ್ನು ಮೀರಿಸಿದವರಿಲ್ಲ. ಕಳೆದ ಓಲೆ ಅಕ್ಕಿ ಡಬ್ಬಿಯಲ್ಲಿ ಸಿಕ್ಕಿದ್ದಕ್ಕೆ ಸಾಕ್ಷಿ, ಹಬ್ಬದ ಹಿಂದಿನ ದಿನ ಗ್ಯಾಸ್ ಬಂದಿದ್ದಕ್ಕೆ ಸಾಕ್ಷಿ. ಕರ್ತನು ನನಗೆ ಮಾಡಿದ್ದನ್ನು ಕಂಡೆ ಎಂದು ಎದ್ದು ನಿಂತು ಹೇಳಿದರೆ ಎಲ್ಲರೂ ಕಣ್ಣೊರೆಸಿಕೊಳ್ಳುತ್ತಾರೆ. ಈಗ ಒಬ್ಬಳು ಬಂದು, ನೀವು ನಿಜವಾಗಿ ಕಂಡದ್ದನ್ನು ಹೇಳಿ ಎಂದರೆ ನಾನು ಏನೆಂದೆ ಗೊತ್ತೇ? "ನಾನು ಒಳಗಿದ್ದೆ ಕಣಮ್ಮ. ಶಬ್ದ ಕೇಳಿ ಬಂದೆ ಅಷ್ಟೆ" ಎಂದೆ.

ಹಿಂದಿನ ದಿನದ ಹಿಟ್ಟನ್ನೇ ಅವತ್ತೂ ಹರವುತ್ತಿದ್ದೆ. ಮುಂಗೈವರೆಗೆ ಹಿಟ್ಟು. ರುಮಾನಾ ನನ್ನ ಕೈ ನೋಡಿದಳು, ಮುಖ ನೋಡಿದಳು, ಆಯ್ತು ಆಂಟಿ ಎಂದು ಇಳಿದು ಹೋದಳು. ಕರ್ತನನ್ನು ಹಿಡಿದೊಯ್ದ ರಾತ್ರಿ ಬೆಂಕಿ ಕಾಯಿಸುತ್ತ ಕೂತು, ಕೋಳಿ ಕೂಗುವುದರೊಳಗೆ ಮೂರು ಸಲ ಆತನನ್ನು ನಾನರಿಯೆ ಎಂದ ಶಿಷ್ಯನ ಕಥೆಯನ್ನು ಭಾನುವಾರ ಶಾಲೆಯ ಮಕ್ಕಳಿಗೆ ಎಷ್ಟು ವರ್ಷದಿಂದ ಹೇಳುತ್ತಿದ್ದೇನೆ. ಕೋಳಿ ಕೂಗುವ ಕಡೆ ನಾನೇ ಕೂಗಿ ತೋರಿಸುತ್ತೇನೆ. ಬೈರಮ್ಮನ ಹುಂಜಕ್ಕಂತೂ ಹೊತ್ತುಗೊತ್ತು ಇಲ್ಲ, ಅವತ್ತು ಮಟಮಟ ಮಧ್ಯಾಹ್ನ ಕೂಗಿತು. ನಾನು ಹೋಗಿ ಕಿಟಕಿ ಹಾಕಿದೆ.

ಯಾಕೆ ಅಷ್ಟು ಹೆದರಿಕೆ ಎನ್ನುತ್ತೀಯ. ಜಗನ್ ನಮ್ಮನ್ನು ಗದರಿಲ್ಲ, ಕೈ ಎತ್ತಿಲ್ಲ. ಆಕ್ಸಿಡೆಂಟ್ ಆದ ಸಂಜೆ ಗೇಟಿನ ಹತ್ತಿರ ನಿಮ್ಮಪ್ಪನನ್ನು ಕಂಡು ನಗುನಗುತ್ತಲೇ ಕ್ಷೇಮ ವಿಚಾರಿಸಿದ. "ಏನ್ ಅಂಕಲ್, ನೀರಿಗೇನೂ ತೊಂದರೆ ಇಲ್ಲ ತಾನೆ? ಮನೆ ಆರಾಮಾಗಿದೆ ತಾನೆ?" ಎಂದ. ಅಷ್ಟೇ. ಜಾಲಹಳ್ಳಿಯ ಫ್ಯಾಕ್ಟರಿಯಲ್ಲಿ ಅಷ್ಟು ದೊಡ್ಡ ಮೆಷಿನ್‌ಗಳ ನಡುವೆ ಜೀವ ಸವೆಸಿದ ನಿಮ್ಮಪ್ಪ ವಿಜಯಕುಮಾರರು ಆ ಒಂದು ಕ್ಷೇಮಸಮಾಚಾರಕ್ಕೆ ಬೆವೆತು ಮೇಲೆ ಬಂದರು. "ಜಯಾ, ನಮಗ್ಯಾಕೆ? ನೀನು ಏನೂ ನೋಡಿಲ್ಲ" ಎಂದರು. ನಾನು ನೋಡಿದ್ದೆ ಎಂದು ಅವರಿಗೆ ಗೊತ್ತಿತ್ತು.

ಆಮೇಲೆ ಬೈರಮ್ಮ. ಈ ಮಾತು ಹೇಳುವ ಮೊದಲು ಇನ್ನೊಂದು ಹೇಳಬೇಕು. ಈ ಸಲ ಕ್ರಿಸ್‌ಮಸ್ ನಾಟಕದಲ್ಲಿ ದೇವದೂತ ಯಾರು ಗೊತ್ತೇ? ಕೋಡಿಗೇಹಳ್ಳಿಯ ಸುವಾರ್ತಾ, ಹಾಲುಹಲ್ಲು ಬಿದ್ದ ಪುಟ್ಟಿ. ಅವಳ ಮನೆಯವರು ಹಳೆಯ ಊರಿನವರು, ಅವರ ಬಾಯಲ್ಲಿ ಹಕಾರ ಇಲ್ಲ. ಹಾಲು ಅಂದರೆ ಆಲು, ಹುಂಜ ಅಂದರೆ ಉಂಜ. ಬಿಳಿ ರೆಕ್ಕೆ ಕಟ್ಟಿಕೊಂಡು ಬಂದು ಕುರುಬರಿಗೆ 'ಹೆದರಬೇಡಿ' ಅನ್ನು ಅಂದರೆ 'ಎದರಬೇಡಿ' ಅನ್ನುತ್ತಾಳೆ. ಕುರುಬರೆಲ್ಲ ಬಿದ್ದು ಬಿದ್ದು ನಕ್ಕು, ಮಿಸ್, ದೇವದೂತ ನಮಗೆ ಎದುರು ಮಾತಾಡಬೇಡಿ ಅಂತಿದಾನೆ ಎಂದವು. ಕನ್ನಡಕಕ್ಕೆ ಉಸಿರು ಊದುತ್ತೀವಲ್ಲ, ಹಾಗೆ ಹ ಅನ್ನು ಎಂದು ನಾನು ದಿನಾ ಹೇಳಿಕೊಡುತ್ತಿದ್ದೇನೆ. ಅವಳು ಹ ಹ ಹ ಎಂದು ಊದಿ, ದಮ್ಮು ಹಿಡಿದು, ಮತ್ತೆ ಎದರಬೇಡಿ ಎನ್ನುತ್ತಾಳೆ.

ಬೈರಮ್ಮನದೂ ಅದೇ ಬಾಯಿ. ರುಮಾನಾ ಬಂದು ಹೋದ ಸಂಜೆ ನಾನು ಮೆಟ್ಟಿಲಿಳಿಯುತ್ತಿದ್ದೆ. ಬೈರಮ್ಮ ಸಂಪಿನ ಹತ್ತಿರ ನಿಂತಿದ್ದಳು, ಮೋಟರ್ ಗುಯ್ಯೆನ್ನುತ್ತಿತ್ತು. ನನ್ನನ್ನು ಕಂಡು, ಕೋಳಿ ಓಡಿಸುವ ದನಿಯಲ್ಲಿ ಕೂಗಿ ಹೇಳಿದಳು. "ಟೀಚರಮ್ಮ, ಆ ರುಮಾನಾ ಬಂದಿದ್ಲಂತೆ ನಿನ್ ತಾವ. ನಮ್ ಜಗನ್ ಮುಂದೆ ಎದ್ರು ನಿಂತ್ಕಬೇಡ ಕಣವ್ವ."

ಎದುರು ನಿಂತುಕೊಳ್ಳಬೇಡ. ಇನ್ನು ಹೇಳುವುದೇನಿದೆ? ಓನರಮ್ಮನ ಬಾಯಿಂದಲೇ ಬಂತು. ನಾನು ಹ್ಞೂಂ ಎಂದು ತಲೆಯಾಡಿಸಿ, ಯಾಕೆ ಇಳಿದು ಬಂದೆ ಎಂಬುದೇ ಮರೆತು ಮತ್ತೆ ಮೇಲೆ ಬಂದೆ. ರಾತ್ರಿ ಊಟಕ್ಕೆ ಮೊದಲು ಅವಳ ಗಂಡ ಮುನಿಯಣ್ಣ ಒಂದು ದೊಡ್ಡ ಚೀಲ ಅವರೆಕಾಯಿ ತಂದಿಟ್ಟು ಹೋದರು, ಒಳ್ಳೆ ಸೊಗಡಿನ ಕಾಯಿ. ನಿಮ್ಮಪ್ಪ ಅದನ್ನು ನೋಡಿದವರೇ, "ನೋಡಿದ್ಯಾ, ಬಾಯಿ ಮುಚ್ಚೋಕೆ ಕೊಟ್ಟಿರೋದು" ಎಂದರು. ಎಂದವರು ಹಿತಕಿದ ಬೇಳೆ ಸಾರಿಗೆ ಮೂರು ಸಲ ಅನ್ನ ಹಾಕಿಸಿಕೊಂಡರು. ಮಾರನೆಯ ದಿನದಿಂದ ಪುಟ್ಟೇನಹಳ್ಳಿ ಕೆರೆ ಕಡೆ ಯಾವುದಾದರೂ ಮನೆ ಖಾಲಿ ಇದೆಯೇ ಎಂದು ಗುಟ್ಟಾಗಿ ಫೋನ್ ಮಾಡುತ್ತಿದ್ದಾರೆ. ಈ ಮನೆ ಬಿಡುವುದು ಹೇಗೆ? ನೀನು ನಡೆಯಲು ಕಲಿತದ್ದು ಈ ತಾರಸಿಯ ಮೇಲೆ.

ಅವತ್ತಿನಿಂದ ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಒಲೆಯ ಮುಂದೆ ನಿಂತರೆ ರುಮಾನಾ ಕಾಣುತ್ತಾಳೆ, ಬಾಲ್ಕನಿಗೆ ಹೋದರೆ ಟ್ಯಾಂಕರ್ ಕಾಣುತ್ತದೆ. ಗುಲಾಬಿ ಹೂವಿನ ಅಚ್ಚು ಎಣ್ಣೆಯಲ್ಲೇ ಬಿಟ್ಟು ಬಂದು ಎರಡು ಸಲ ಸೀಯಿಸಿದೆ. ಪ್ರಾರ್ಥನೆ ಮಾಡಿದೆ, ಮಾಡದೆ ಇರುತ್ತೇನೆಯೇ. ಕರ್ತನೇ, ಈ ಹೆದರಿಕೆ ತೆಗೆದುಬಿಡು, ಆಮೇಲೆ ಹೋಗಿ ಹೇಳಿಬರುತ್ತೇನೆ ಎಂದೆ. ಮಂಡಿ ನೋವು ಬಂತೇ ಹೊರತು ಹೆದರಿಕೆ ಹೋಗಲಿಲ್ಲ.

ಕಡೆಗೆ ಕಳೆದ ಭಾನುವಾರ ಆರಾಧನೆ ಮುಗಿದ ಮೇಲೆ ಪಾದ್ರಿ ಅಯ್ಯನವರ ಬಳಿ ಹೋದೆ. ನಮ್ಮ ಕೂಟದ ಒಬ್ಬ ಸಹೋದರಿಗೆ ಹೀಗೊಂದು ಕಷ್ಟ ಅಯ್ಯನವರೇ ಎಂದು ಶುರುಮಾಡಿದೆ. ಅವರು ಕಂಕುಳಲ್ಲಿ ಆರಾಧನೆಯ ನಿಲುವಂಗಿ ಮಡಚಿ ಇಟ್ಟುಕೊಂಡು ಕೇಳಿದರು. ಎಲ್ಲ ಕೇಳಿ, ದೇವದೂತರು ಹೆದರಬೇಡ ಅಂತ ಹೇಳಿ ಸುಮ್ಮನೆ ವಾಪಸ್ಸು ಹೋಗಿದ್ದು ಎಲ್ಲಾದರೂ ಓದಿದ್ದೀರಾ ಎಂದರು. ಒಂದು ಕೆಲಸ ಹೇಳದೆ ಹೋಗುವುದಿಲ್ಲ ಅವರು. ಆ ಸಹೋದರಿ ಹೆದರಿಕೆ ಹೋಗಲಿ ಅಂತ ಕೇಳಿಕೊಳ್ಳುತ್ತಿದ್ದಾರೋ, ಕೆಲಸ ತಪ್ಪಲಿ ಅಂತ ಕೇಳಿಕೊಳ್ಳುತ್ತಿದ್ದಾರೋ ಸ್ವಲ್ಪ ವಿಚಾರಿಸಿ ಎಂದರು. ಹೆದರಿಕೆ ಹೋದ ಮೇಲೆ ಹೊರಡೋಣ ಅಂತ ಕೂತರೆ ಬಸ್ಸೇ ಸಿಗಲ್ಲ, ಅದನ್ನೂ ಜೊತೆಗೆ ಕರೆದುಕೊಂಡೇ ಹೋಗಬೇಕು ಎಂದರು. ನಾನು ಹೊರಟಾಗ, ಆ ಸಹೋದರಿಗೆ ನನ್ನ ವಂದನೆ ತಿಳಿಸಿ ಎಂದು ಬೇರೆ ಸೇರಿಸಿದರು. ನಗಲಿಲ್ಲ, ಆದರೆ ಮೀಸೆ ಸುಮ್ಮನಿರಲಿಲ್ಲ.

ಸರಿ, ದೊಡ್ಡ ಧೈರ್ಯ ಒಂದೇ ಸಲ ಬರುವುದಿಲ್ಲ, ಮೊದಲು ಚಿಲ್ಲರೆ ಧೈರ್ಯ ಕೂಡಿಸೋಣ ಎಂದುಕೊಂಡೆ. ಸೋಮವಾರ ಮೂಲೆಮನೆಯ ನಾಯಿಯ ಮುಂದೆಯೇ ನಡೆದು ಹಾಲು ತಂದೆ. ಇಷ್ಟು ವರ್ಷ ಅದಕ್ಕೆ ಹೆದರಿ ಸುತ್ತು ಹಾಕುತ್ತಿದ್ದೆನಲ್ಲ, ಅದು ತಲೆ ಕೂಡ ಎತ್ತಲಿಲ್ಲ. ಬುಧವಾರ ಹಾಡಿನ ಅಭ್ಯಾಸದಲ್ಲಿ ಎಬೆನೇಜರ್ ಮಾಮ ಎಂದಿನ ಹಾಗೆ ಆಕಾಶದಲ್ಲಿ ಶ್ರುತಿ ಹಿಡಿದಾಗ, ಅಣ್ಣ, ಸ್ವಲ್ಪ ಇಳಿಸಿ, ನಮಗೆ ಗಂಟಲು ಕಿತ್ತು ಬರ್ತಿದೆ ಎಂದುಬಿಟ್ಟೆ. ಅವರು ಮುಖ ಸಿಂಡರಿಸಿದರು, ಇಳಿಸಿದರು. ಹೆಂಗಸರೆಲ್ಲ ಆಮೇಲೆ ಬಂದು ನನ್ನ ಕೈ ಹಿಡಿದುಕೊಂಡರು. ನಗಬೇಡ. ಐವತ್ತು ದಾಟಿದವಳಿಗೆ ಇದೂ ದೊಡ್ಡದೇ.

ಆದರೆ ಚಿಲ್ಲರೆಯಲ್ಲಿ ಮುಗಿಯುವ ಲೆಕ್ಕವಲ್ಲ ಇದು. ನಾಳೆ ಬೆಳಗ್ಗೆ ಠಾಣೆಯಲ್ಲಿ ಸಬ್‌ ಇನ್‌ಸ್ಪೆಕ್ಟರ್ ಇರುತ್ತಾರಂತೆ. ನೋಡಿದವರು ಯಾರಾದರೂ ಇದ್ದರೆ ನಾಳೆಯೊಳಗೆ ಬಂದು ಹೇಳಲಿ, ಇಲ್ಲದಿದ್ದರೆ ಕೇಸು ಈಗಿರುವ ಹಾಗೇ ಮುಂದೆ ಹೋಗುತ್ತದೆ ಎಂದರಂತೆ. ಇದನ್ನು ನನಗೆ ರುಮಾನಾ ಹೇಳಲಿಲ್ಲ, ಅವಳು ನನ್ನ ಹತ್ತಿರ ಮತ್ತೆ ಬರಲೇ ಇಲ್ಲ. ತರಕಾರಿ ಗಾಡಿಯ ಹತ್ತಿರ ಯಾರಿಗೋ ಹೇಳುತ್ತಿದ್ದಳು, ನಾನು ಬದನೆಕಾಯಿ ಆರಿಸುತ್ತ ಕೇಳಿಸಿಕೊಂಡೆ.

ನಾಳೆ ಹೋಗುತ್ತೇನೋ ಇಲ್ಲವೋ ನನಗೇ ಗೊತ್ತಿಲ್ಲ ಕರುಣಾ. ಹೋಗಿ ಬಂದೆ ಎಂದು ಬರೆಯುವ ಆಸೆ. ಈ ಕಾಗದವನ್ನು ಇವತ್ತೇ ಮುಗಿಸಿ ಅಂಟಿಸಿಬಿಟ್ಟರೆ ಪ್ರಾರ್ಥನೆ ಮಾಡು ಎಂದು ಮತ್ತೊಂದು ಸಲ ಹೇಳಿದ ಹಾಗಾಗುತ್ತದೆ. ಅದಕ್ಕೇ ಮುಗಿಸುತ್ತಿಲ್ಲ. ಮೇಜಿನ ಮೇಲೆ ಹೀಗೇ ಬಿಟ್ಟು ಏಳುತ್ತೇನೆ. ಗೇಟು ಸದ್ದಾಯಿತು.

ಶನಿವಾರ, ಸಂಜೆ

ಹೋಗಿ ಬಂದೆ.

ನಿಧಾನವಾಗಿ ಹೇಳುತ್ತೇನೆ, ಕೈ ಇನ್ನೂ ಸರಿಯಾಗಿಲ್ಲ. ಅಕ್ಷರ ಸೊಟ್ಟಗಿದ್ದರೆ ಹೊಂದಿಸಿಕೊಂಡು ಓದು.

ಬೆಳಗ್ಗೆ ಸ್ನಾನ ಮಾಡಿ, ಚರ್ಚಿಗೆ ಉಡುವ ನೀಲಿ ಸೀರೆ ಉಟ್ಟೆ. ಎಲ್ಲಿಗೆ ಎಂದು ನಿಮ್ಮಪ್ಪ ಕೇಳಿದರು. ಹೇಳಿದೆ. ಅವರು ಕುರ್ಚಿಯಲ್ಲಿ ಕೂತುಬಿಟ್ಟರು. ನಾನು ಬರಲ್ಲ ಜಯಾ ಎಂದರು. ಬರಬೇಡಿ ಎಂದೆ. ಕೋಪದಿಂದ ಹೇಳಲಿಲ್ಲ, ಅವರನ್ನು ನೋಡಿ ಪಾಪ ಎನಿಸಿತು. ನನ್ನ ಹೆದರಿಕೆ ಹೋಗಿದ್ದರೆ ಬೈಯುತ್ತಿದ್ದೆನೋ ಏನೋ.

ಮೆಟ್ಟಿಲಿಳಿದರೆ ಜಗನ್ ಗೇಟಿನಲ್ಲೇ ಇದ್ದ. ಪೈಪು ಹಿಡಿದು ಬೈಕ್ ತೊಳೆಯುತ್ತಿದ್ದ. ಜಗಲಿಯ ಮೇಲೆ ಬೈರಮ್ಮ ಅವರೆಕಾಯಿ ಬಿಡಿಸುತ್ತಿದ್ದಳು, ಮುನಿಯಣ್ಣ ಪೇಪರ್ ನೋಡುತ್ತಿದ್ದರು. ತಲೆ ತಗ್ಗಿಸಿ ಹೋಗಿಬಿಡೋಣ ಎಂದುಕೊಂಡೆ. ಬೈಕು ಗೇಟಿಗೆ ಅಡ್ಡ ಇತ್ತು.

"ಏನ್ ಆಂಟಿ, ಬೆಳ್‌ಬೆಳಗ್ಗೆ ರೆಡಿಯಾಗಿದ್ದೀರಾ. ಎಲ್ಲಿಗೆ?" ಎಂದ ಜಗನ್.

ಚರ್ಚಿಗೆ ಎನ್ನುವ ಮಾತು ನಾಲಿಗೆಯ ತುದಿಯಲ್ಲೇ ಇತ್ತು. ಸೀರೆಯೂ ಹಾಗೇ ಇತ್ತು. ಅವನು ನಂಬುತ್ತಿದ್ದ, ಗೇಟು ಬಿಡುತ್ತಿದ್ದ, ನಾನು ಠಾಣೆಗೂ ಹೋಗಿ ಬರಬಹುದಿತ್ತು. ಆದರೆ ಸಾಕ್ಷಿ ಹೇಳಲು ಹೊರಟವಳು ಗೇಟಿನಲ್ಲೇ ಸುಳ್ಳು ಹೇಳಿದರೆ ಅಲ್ಲಿ ಹೋಗಿ ಏನು ಹೇಳಿಯೇನು?  ಸೆರಗನ್ನು ಬಿಗಿಯಾಗಿ ಸುತ್ತಿಕೊಂಡೆ. 

"ಠಾಣೆಗೆ ಹೋಗ್ತಿದ್ದೀನಿ ಜಗನ್" ಎಂದೆ. "ಅವತ್ತು ನಾನು ತಾರಸಿ ಮೇಲಿದ್ದೆ. ಜಾಫರ್ ಆಟೋ ನಿಂತಿತ್ತು. ಅದನ್ನ ಹೇಳೋಕೆ."

ಪೈಪಿನಿಂದ ನೀರು ಹಾಗೇ ಹರಿಯುತ್ತಿತ್ತು. ಅವನ ನಗು ಹೋಯಿತು. ತಾಯಿಯ ಕಡೆ ತಿರುಗಿ, "ಅಮ್ಮಾ, ಕೇಳಿಸ್ಕೊಂಡ್ಯಾ? ನೀನ್ ಇವರಿಗೆ ಹೇಳ್ತೀನಿ ಅಂದಿದ್ಯಲ್ಲ, ಹೇಳಿಲ್ವಾ?" ಎಂದ.

ಬೈರಮ್ಮ ಅವರೆಕಾಯಿಯಿಂದ ಕಣ್ಣೆತ್ತಿದಳು. ನನ್ನನ್ನು ನೋಡಿದಳು, ಮಗನನ್ನು ನೋಡಿದಳು. ಬಿಡಿಸಿದ ಕಾಳನ್ನು ಮೊರಕ್ಕೆ ಹಾಕಿ, ಸಿಪ್ಪೆಯನ್ನು ಕೋಳಿಗಳ ಕಡೆ ಎಸೆದಳು. "ಏಳಿದ್ನಲ್ಲ. ಎದ್ರಿ ನಿಂತ್ಕಬೇಡ ಅಂತ ಏಳಿದೆ" ಎಂದಳು.

"ಅದೇ ಮತ್ತೆ, ಎದುರು ನಿಂತ್ಕೋಬೇಡ ಅಂತ ಹೇಳಿದ್ದಾಳಲ್ಲ ಆಂಟಿ" ಎಂದ ಅವನು ನನಗೆ.

"ಎದ್ರು ಅಲ್ಲ ಕಣ್ಲಾ, ಎದ್ರಿ" ಎಂದಳು ಬೈರಮ್ಮ. "ನಿನ್ ಮುಂದೆ ಎದ್ರುಕಂಡು ನಿಂತ್ಕಬೇಡ, ಕಂಡಿದ್ ಓಗಿ ಏಳು ಅಂದೆ. ಬೈಕ್ ತೆಗಿ. ಎಂಗಸ್ರು ಓಗ್ಬೇಕು, ದಾರಿ ಬುಡು."

ನಾನು ಅಲ್ಲೇ ನಿಂತೆ. ಎದ್ರು ಎಂದು ನಾನು ಕೇಳಿಸಿಕೊಂಡದ್ದು ಎದ್ರಿಯೇ? ಹೆದರಿ ನಿಂತುಕೊಳ್ಳಬೇಡ ಎಂದಿದ್ದಳೇ ಮಹಾತಾಯಿ? ಆ ಹಾಳು ಮೋಟರ್ ಸದ್ದಿನಲ್ಲಿ ನಾನು ಕೇಳಿದ್ದೇ ತಪ್ಪೇ? ಸುವಾರ್ತಾಳಿಗೆ ದಿನವೂ ಹ ಹೇಳಿಕೊಟ್ಟವಳು ನಾನು, ನನಗೇ ತಿಳಿಯದೇ ಹೋಯಿತೇ? ಇಷ್ಟು ದಿನ ಉಗುಳು ನುಂಗಿದ್ದು, ನಿದ್ದೆಗೆಟ್ಟದ್ದು, ನಿಮ್ಮಪ್ಪ ಮನೆ ಹುಡುಕಿದ್ದು, ಎಲ್ಲ ಒಂದು ಅಕ್ಷರಕ್ಕೆ.  ಜಗನ್ ಬೈಕು ಸರಿಸಿದ. ಮುನಿಯಣ್ಣ ಪೇಪರಿನಿಂದ ತಲೆ ಎತ್ತಲೇ ಇಲ್ಲ, ಆದರೆ ಆ ಪುಟದಲ್ಲಿ ಓದುವಂಥದ್ದೇನೂ ಇರಲಿಲ್ಲ, ಬರೀ ಚಿನ್ನದಂಗಡಿಯ ಜಾಹೀರಾತು.

ಬೀದಿಯ ತುದಿ ಮುಟ್ಟುವಷ್ಟರಲ್ಲಿ ಹಿಂದೆ ಸ್ಕೂಟರ್ ಸದ್ದಾಯಿತು. ನಿಮ್ಮಪ್ಪ. ಶರ್ಟಿನ ಗುಂಡಿ ಮೇಲೆ ಕೆಳಗೆ ಹಾಕಿಕೊಂಡು, ನನ್ನ ಹೆಲ್ಮೆಟ್ ತೋಳಿಗೆ ಸಿಕ್ಕಿಸಿಕೊಂಡು ಬಂದಿದ್ದರು. ಹತ್ತು ಎಂದರು. ಅಷ್ಟೇ ಹೇಳಿದ್ದು. ದಾರಿಯುದ್ದಕ್ಕೂ ಅವರ ಬೆನ್ನು ನಡುಗುತ್ತಿತ್ತು, ಅವರ ಹೆಗಲ ಮೇಲಿಟ್ಟ ನನ್ನ ಕೈಯೂ ನಡುಗುತ್ತಿತ್ತು. ಯಾರದು ಯಾವ ನಡುಕ ಎಂದು ಗೊತ್ತಾಗುವ ಹಾಗಿರಲಿಲ್ಲ.

ಠಾಣೆಯಲ್ಲಿ ಒಬ್ಬ ಹೆಣ್ಣುಮಗಳು ಬರೆದುಕೊಂಡಳು, ನಿನಗಿಂತ ಸ್ವಲ್ಪ ದೊಡ್ಡವಳಿರಬಹುದು. ಆಟೋ ನಿಂತಿತ್ತು, ಟ್ಯಾಂಕರ್ ಹಿಂದಕ್ಕೆ ಬಂತು, ಡ್ರೈವರ್ ಫೋನಿನಲ್ಲಿದ್ದ, ಜಾಫರ್ ಹಾರ್ನ್ ಒತ್ತುತ್ತಲೇ ಇದ್ದ. ಹೇಳಿ ಮುಗಿಸಲು ಎಷ್ಟು ಹೊತ್ತು ಬೇಕು? ಇದಕ್ಕೆ ನಾನು ಇಷ್ಟೊಂದು ಒದ್ದಾಡಿದೆ. ಮೊದಲೇ ಯಾಕೆ ಬಂದು ಹೇಳಲಿಲ್ಲ ಅಮ್ಮ ಎಂದು ಕೇಳಿದಳು. ಹೆದರಿದ್ದೆ ಎಂದೆ. ಬೇಕಾದರೆ ಅದನ್ನೂ ಬರೆದುಕೊಳ್ಳಿ ಎಂದೆ. ಅವಳು ನನ್ನ ಮುಖ ನೋಡಿ, ನೀರು ತರಿಸಿ ಕೊಟ್ಟಳು. ಸಬ್‌ ಇನ್‌ಸ್ಪೆಕ್ಟರ್ ಓದಿ ನೋಡಿ, ಮತ್ತೆ ವಿಚಾರಣೆ ಮಾಡುತ್ತೇವೆ, ಕೋರ್ಟಿಗೆ ಕರೆದರೆ ಬರಬೇಕಾಗುತ್ತದೆ ಎಂದರು. ಅಲ್ಲೂ ಹೆದರುತ್ತೇನೆ, ಖಂಡಿತ. ಆದರೂ ಬರ್ತೀನಿ ಸಾರ್ ಎಂದೆ.

ಕೆಳಗೆ ಸಹಿ ಹಾಕಬೇಕಿತ್ತು. ಕೈ ಎಷ್ಟು ನಡುಗಿತೆಂದರೆ ಜಯಶೀಲಾ ಎಂಬುದು ನನ್ನ ಹೆಸರೇ ಅಲ್ಲವೇನೋ ಎಂಬ ಹಾಗೆ ಬಂತು. ಇದು ನಡೆಯುತ್ತಾ ಎಂದು ಆ ಹುಡುಗಿಯನ್ನು ಕೇಳಿದೆ. ನೀವೇ ಹಾಕಿದ್ದಲ್ವಾ ಅಮ್ಮ, ನಡೆಯುತ್ತೆ ಎಂದಳು.

ನಿನಗೆ ಬರೆಯಬೇಕೆಂದಿದ್ದದ್ದು ಇದೇ ನೋಡು. ಕೈ ನಡುಗುವುದು ನಿಲ್ಲಲಿ, ಆಮೇಲೆ ಸೂಜಿ ಹಿಡಿಯುತ್ತೇನೆ ಎಂದು ಕೂರಬೇಡ. ನಡುಗುವ ಕೈಯಲ್ಲೇ ಹಿಡಿ. ಆ ಮುದುಕಪ್ಪನ ಹತ್ತಿರವೇ ಮತ್ತೆ ಹೋಗು, ತಾತ, ನನಗೂ ಹೆದರಿಕೆ, ಸ್ವಲ್ಪ ಅಲ್ಲಾಡದೆ ಕೂತ್ಕೊಳ್ಳಿ ಎಂದು ಹೇಳು. ನರ ಸಿಗಬಹುದು, ಸಿಗದಿರಬಹುದು, ಸಿಸ್ಟರ್ ಮತ್ತೆ ಬೈಯಬಹುದು. ಆದರೂ ಹೋಗು. ಅಷ್ಟು ಮಾಡಿಯೂ ಮನೆಗೆ ಬರಬೇಕು ಎನಿಸಿದರೆ ಬಾ, ಬಾಗಿಲು ತೆಗೆದೇ ಇರುತ್ತದೆ. ಆದರೆ ಹೆದರಿ ಓಡಿ ಬರಬೇಡ ಮಗಳೇ. ಪ್ರಾರ್ಥನೆ ಮಾಡು ಎಂದು ಈಗಲೂ ಹೇಳುತ್ತೇನೆ. ಹಾಲು ಉಕ್ಕುತ್ತಿದೆ ಎಂದು ಮಾತ್ರ ಹೇಳುವುದಿಲ್ಲ.

ಠಾಣೆಯಿಂದ ಬರುವಾಗ ನೇರ ರುಮಾನಾ ಮನೆಗೆ ಹೋದೆ. ಜಾಫರ್ ಕಾಲು ಎತ್ತಿ ಇಟ್ಟುಕೊಂಡು ಮಲಗಿದ್ದ. ನಾನು ಹೇಳಿ ಬಂದೆ ಎಂದೆ. ಅವತ್ತು ನಿನಗೆ ಸುಳ್ಳು ಹೇಳಿದ್ದೆ ಕಣಮ್ಮ ಎಂದೆ. "ಗೊತ್ತು ಆಂಟಿ" ಎಂದಳು ರುಮಾನಾ. "ಕೈಯಲ್ಲಿ ಹಿಟ್ಟು ನೋಡಿದ್ದೆ ನಾನು. ಇವರಿಗೆ ಹೇಳಿದ್ದೆ, ಆಂಟಿ ಬರ್ತಾರೆ, ಸ್ವಲ್ಪ ಟೈಮ್ ಬೇಕು ಅವರಿಗೆ ಅಂತ." ನನಗೆ ಅಳು ಬಂತು. ಅವಳ ಸೆರಗಿನಲ್ಲೇ ಮುಖ ಮುಚ್ಚಿಕೊಂಡು ಅತ್ತೆ. ಅವಳು ಬೆನ್ನು ಸವರುತ್ತಿದ್ದಳು. ಅವಳನ್ನು ಸಮಾಧಾನ ಮಾಡಬೇಕಾದವಳು ನಾನು.

ಜಗನ್ ನಮ್ಮ ಜೊತೆ ಮಾತು ಬಿಟ್ಟಿದ್ದಾನೆ. ಸಂಜೆ ಎದುರಿಗೆ ಸಿಕ್ಕಾಗ ಫೋನ್ ನೋಡಿಕೊಂಡು ಹೋದ. ಮುಂದೆ ಏನೋ ಎಂತೋ ಎಂದು ಒಳಗೆ ಕುಟುಕುತ್ತಲೇ ಇದೆ. ನಿಮ್ಮಪ್ಪ ಪುಟ್ಟೇನಹಳ್ಳಿಯವರಿಗೆ ಫೋನ್ ಮಾಡಿ ಸದ್ಯಕ್ಕೆ ಬೇಡ ಎಂದಿದ್ದಾರೆ. ಸದ್ಯಕ್ಕೆ ಎಂಬ ಮಾತನ್ನು ಮಾತ್ರ ಬಿಟ್ಟಿಲ್ಲ.

ನಾಡಿದ್ದು ಪೋಸ್ಟಿಗೆ ಹಾಕಿಸುತ್ತೇನೆ, ಜೊತೆಗೆ ಗುಲಾಬಿ ಹೂವಿನ ಡಬ್ಬಿ. ಸೀದು ಹೋದದ್ದನ್ನು ನಾವೇ ತಿಂದೆವು.

ನಡುಗುವ ಕೈಯಿಂದಲೇ ನಿನ್ನನ್ನು ತಬ್ಬಿಕೊಳ್ಳುವ
ನಿನ್ನ ಅಮ್ಮ,
ಜಯಶೀಲಾ

ತಾ.ಕ.: ಭಾನುವಾರ, ನಾಟಕ ಮುಗಿಸಿ ಬಂದು ಬರೆಯುತ್ತಿದ್ದೇನೆ. ಸುವಾರ್ತಾ ರೆಕ್ಕೆ ಕಟ್ಟಿಕೊಂಡು ಬಂದು ಚೆನ್ನಾಗಿ ದಮ್ಮು ಹಿಡಿದು "ಎದರಬೇಡಿ" ಎಂದಳು. ನಾನು ಪರದೆಯ ಹಿಂದೆ ಇದ್ದೆ, ಹ ಎಂದು ಪಿಸುಗುಡಲಿಲ್ಲ. ಇದನ್ನು ಬೈರಮ್ಮನಿಗೆ ಹೇಳಿ ನಗಿಸೋಣ, ನಾನು ಕಿವಿಯಾರೆ ತಪ್ಪು ಕೇಳಿದ್ದಕ್ಕೆ ಕ್ಷಮೆಯನ್ನೂ ಕೇಳೋಣ ಎಂದು ಒಂದು ತಟ್ಟೆ ಗುಲಾಬಿ ಹೂವು ಹಿಡಿದು ಕೆಳಗೆ ಹೋದೆ. ಜಗನ್ ಇರಲಿಲ್ಲ. ಎಲ್ಲ ಹೇಳಿ ಕ್ಷಮೆ ಕೇಳಿದೆ. ಅವಳು ಒಂದು ಹೂವು ಮುರಿದು ಬಾಯಿಗೆ ಹಾಕಿಕೊಂಡು, ಬಾಗಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದಳು. "ನೀನ್ ಸರ್ಯಾಗೇ ಕೇಳಿದ್ದೆ ಕಣವ್ವ. ಅವತ್ತು ಸಂಪ್ ತಾವ ನಾನಂದಿದ್ದು ಎದ್ರು ಅಂತಾನೇ. ಅವರೆಕಾಯ್ನೂ ಅದುಕ್ಕೇ ಕಳ್ಸಿದ್ದು. ಅವನ್ ಕಂಡ್ರೆ ನಂಗೂ ಎದ್ರಿಕೆ, ಎತ್ತವ್ಳಿಗೇ ಎದ್ರಿಕೆ. ನೆನ್ನೆ ನೀನ್ ಗೇಟ್ ತಾವ ಅಂಗೆ ಬಾಯ್ ಬುಟ್ಯಲ್ಲ, ಆವಾಗ ನನ್ ಬಾಯಾಗೂ ಎದ್ರಿ ಅಂತ ಬಂದ್ಬುಡ್ತು."